ಆಟಿಸಂ ಇರುವ ಮಗುವಿಗೆ ಶಾಲೆಯ ಗದ್ದಲವೇ ಸಂಕಟ: ಶಿಕ್ಷಕರು, ಪೋಷಕರು ಏನು ಮಾಡಬಹುದು?

ಬೆಲ್ ಹೊಡೆದ ಕೂಡಲೇ ಎರಡೂ ಕಿವಿ ಮುಚ್ಚಿಕೊಳ್ಳೋದು. ಪ್ರಾರ್ಥನೆಗೆ ಮೈಕ್ ಆನ್ ಆದರೆ ಗೇಟ್ ಕಡೆ ಓಡೋದು. ಬಿಸಿಯೂಟದಲ್ಲಿ ಬರೀ ಅನ್ನ ತಿಂದು ಸಾರು ಮುಟ್ಟದೇ ಇರೋದು. ಇಂಥ ಮಗುವಿಗೆ ನಮ್ಮ ಕಡೆ ಬೇಗ ಸಿಗುವ ಹೆಸರು ‘ಹಠಮಾರಿ’. ಆದರೆ ಆಟಿಸಂ ಇರುವ ಮಕ್ಕಳಲ್ಲಿ ಬಹಳ ಸಲ ಇದು ಹಠ ಅಲ್ಲ. ನಮಗೆ ಮಾಮೂಲಿ ಅನ್ನಿಸುವ ಶಬ್ದ, ಬೆಳಕು, ವಾಸನೆ, ಸ್ಪರ್ಶವನ್ನು ಅವರಿಂದ ತಡೆದುಕೊಳ್ಳೋಕೆ ಆಗಲ್ಲ. ಹಾಗಾಗಿ ಮಗುವನ್ನು ತಿದ್ದೋಕೆ ಹೊರಡುವ ಮೊದಲು, ಶಾಲೆಯಲ್ಲಿ ಏನು ಬದಲಿಸಬಹುದು ಅಂತ ನೋಡಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಏನಿದು ಇಂದ್ರಿಯ ಸೂಕ್ಷ್ಮತೆ?

ಆಟಿಸಂ ಅಂಟುರೋಗ ಅಲ್ಲ, ಬೆಳೆಸಿದ ರೀತಿಯಿಂದ ಬಂದದ್ದೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. 2013ರಲ್ಲಿ ಬಂದ, ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ ಇಂದ್ರಿಯಗಳ ಅತಿ ಸೂಕ್ಷ್ಮತೆ ಅಥವಾ ಮಂದತನವನ್ನೂ ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದೆ. ಒಂದು ಮಗು ಫ್ಯಾನಿನ ಸದ್ದಿಗೂ ಬೆಚ್ಚಿದರೆ, ಇನ್ನೊಂದು ಮಗು ಸುತ್ತುತ್ತಲೇ ಇರುತ್ತೆ, ಕಾಲರ್ ಕಚ್ಚುತ್ತೆ, ಗೋಡೆಗೆ ಮೈ ಒತ್ತುತ್ತೆ. ಕಿವಿ ಮುಚ್ಚಿದ ಮಕ್ಕಳಿಗೆಲ್ಲ ಆಟಿಸಂ ಇದೆ ಅಂತ ಅರ್ಥವಲ್ಲ. ಅದನ್ನು ವೈದ್ಯರೇ ಹೇಳಬೇಕು.

ಮೊದಲು ಒಂದು ವಾರ ಬರೆದಿಡಿ

ಮಗು ಎಷ್ಟು ಗಂಟೆಗೆ, ಎಲ್ಲಿ ಕಷ್ಟಪಟ್ಟಿತು, ಅದಕ್ಕೂ ಮೊದಲು ಏನಾಯ್ತು ಅಂತ ಶಿಕ್ಷಕರೂ ಪೋಷಕರೂ ಒಂದೇ ನೋಟ್‌ಬುಕ್‌ನಲ್ಲಿ ಬರೆಯಲಿ. ದಿನಾ ಊಟದ ಹೊತ್ತಿಗೇ ಅಳು ಬಂದರೆ ಕಾರಣ ಪಾಠ ಅಲ್ಲ, ತಟ್ಟೆಗಳ ಸದ್ದೋ ಅಡುಗೆ ವಾಸನೆಯೋ ಇರಬಹುದು.

ಶಾಲೆಯಲ್ಲಿ ಮಾಡಬಹುದಾದ ಬದಲಾವಣೆ

* ಬೆಲ್: ಹೊಡೆಯುವ ಮೊದಲೇ ‘ಈಗ ಬೆಲ್ ಆಗುತ್ತೆ’ ಅಂತ ಹೇಳಿ. ಗೊತ್ತಿದ್ದು ಬರುವ ಸದ್ದಿಗಿಂತ ದಿಢೀರ್ ಸದ್ದು ಹೆಚ್ಚು ಹೆದರಿಸುತ್ತೆ.
* ಪ್ರಾರ್ಥನೆ: ಮೈಕ್, ಡ್ರಮ್‌ನಿಂದ ದೂರ, ಸಾಲಿನ ಕೊನೆಯಲ್ಲಿ ನಿಲ್ಲಿಸಿ. ಆಗಸ್ಟ್ 15, ವಾರ್ಷಿಕೋತ್ಸವದಂಥ ದಿನ ಕಿವಿ ಮುಚ್ಚುವ ಇಯರ್‌ಮಫ್ ಕೊಡಬಹುದು. ದಿನವಿಡೀ ಹಾಕಿಸಬೇಡಿ, ಸಣ್ಣ ಸದ್ದೂ ಜೋರು ಅನ್ನಿಸೋಕೆ ಶುರುವಾಗಬಹುದು.
* ಕೂರುವ ಜಾಗ: ಬಾಗಿಲು, ಕಿರ‍್ರೆನ್ನುವ ಫ್ಯಾನು, ಮಿನುಗುವ ಟ್ಯೂಬ್‌ಲೈಟ್ ಹತ್ತಿರ ಬೇಡ. ಗೋಡೆ ಬದಿ ಒಳ್ಳೆಯದು. ಅದನ್ನು ದಿನಾ ಬದಲಿಸಬೇಡಿ.
* ಸಮವಸ್ತ್ರ: ಲೇಬಲ್ ಕತ್ತರಿಸಿ. ಹೊಸ ಬಟ್ಟೆಯನ್ನು ಎರಡು ಮೂರು ಸಲ ಒಗೆದು ಕೊಡಿ, ಒಳಗೆ ಹತ್ತಿ ಬನಿಯನ್ ಹಾಕಿ. ಹೊಲಿಗೆ ಚುಚ್ಚಿದರೆ ಸಾಕ್ಸ್ ತಿರುಗಿಸಿ ಹಾಕಿ.
* ಬಿಸಿಯೂಟ: ಅನ್ನ, ಸಾರು ಬೇರೆ ಬೇರೆ ಬಡಿಸಿ. ಗಲಾಟೆ ಶುರುವಾಗೋ ಮುಂಚೆ ಕೂರಿಸಿ. ಬಲವಂತದಿಂದ ತುರುಕಬೇಡಿ.
* ಶೌಚಾಲಯ: ವಾಸನೆ, ಗದ್ದಲಕ್ಕೆ ಹೆದರಿ ಮೂತ್ರ ತಡೆಯುವ ಮಕ್ಕಳಿದ್ದಾರೆ. ಖಾಲಿ ಇರುವಾಗ ಕಳಿಸಿ.
* ಶಾಂತ ಮೂಲೆ: ಲೈಬ್ರರಿ ಬದಿಯಲ್ಲಿ ಒಂದು ಚಾಪೆ ಸಾಕು. ಮಗು ಕೇಳಿದಾಗ ಅಲ್ಲಿ ಕೂರಲಿ. ಅದು ಶಿಕ್ಷೆಯ ಜಾಗ ಆಗಬಾರದು.
* ದಿನಚರಿ: ಪ್ರಾರ್ಥನೆ, ಪಾಠ, ಊಟ, ಆಟ, ಮನೆ ಅಂತ ಚಿತ್ರ ಬರೆದು ಡೆಸ್ಕ್‌ಗೆ ಅಂಟಿಸಿ.

ಮಗು ತಡೆಯಲಾಗದೆ ಕಿರುಚಿದಾಗ

ಹಠದ ಅಳು ಕೇಳಿದ್ದು ಸಿಕ್ಕರೆ ಸಾಮಾನ್ಯವಾಗಿ ನಿಲ್ಲುತ್ತೆ. ಇದು ಹಾಗೆ ನಿಲ್ಲಲ್ಲ. ಬೈಯಬೇಡಿ, ಮೇಲಿಂದ ಮೇಲೆ ಪ್ರಶ್ನೆ ಕೇಳಬೇಡಿ, ವಿಡಿಯೋ ಮಾಡಬೇಡಿ. ಬೇರೆ ಮಕ್ಕಳನ್ನು ಆಚೆ ಕಳಿಸಿ, ಸದ್ದು ಕಡಿಮೆ ಮಾಡಿ, ಪೆಟ್ಟಾಗದಂತೆ ನೋಡಿಕೊಂಡು ಹತ್ತಿರದಲ್ಲೇ ಸುಮ್ಮನೆ ಇರಿ. ಹೊಡೆಯೋದಂತೂ ಕಾನೂನುಬಾಹಿರ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಕಾನೂನು ಏನು ಹೇಳುತ್ತೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ದಾಖಲಾತಿ ಕೊಡಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲವನ್ನೂ ಮಾಡಬೇಕು ಅನ್ನುತ್ತೆ ಸೆಕ್ಷನ್ 16. ಅಂದರೆ ಬೆಂಚು ಬದಲಿಸಿ ಅಂತ ಕೇಳೋದು ಉಪಕಾರ ಬೇಡಿದಂತಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯೋಕೆ ಸಹಾಯಕರು ಬೇಕಿದ್ದರೆ ಮೊದಲೇ ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ. ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ.

ಸಹಾಯ ಎಲ್ಲಿ ಸಿಗುತ್ತೆ?

ತಾಲ್ಲೂಕಿನ ಬಿಆರ್‌ಸಿ ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ತಪಾಸಣೆಗೆ ಜಿಲ್ಲಾಸ್ಪತ್ರೆಯ ಡಿಇಐಸಿ ಕೇಂದ್ರದಲ್ಲಿ ವಿಚಾರಿಸಿ. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಯುಡಿಐಡಿ ಕಾರ್ಡ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಅಂಗಡಿಯವರಿಗೂ ಒಂದು ಮಾತು

ಶಾಲೆ ಬಿಟ್ಟ ಮೇಲೆ ಈ ಮಕ್ಕಳು ಬರೋದು ನಮ್ಮ ಪೇಟೆಗೇ. ನಿಮ್ಮ ಅಂಗಡಿ ಮುಂದೆ ಮಗು ಕಿವಿ ಮುಚ್ಚಿ ನಿಂತರೆ ಸ್ಪೀಕರ್ ಸದ್ದು ಸ್ವಲ್ಪ ತಗ್ಗಿಸಿ, ಆ ತಾಯಿಗೆ ಸಾಮಾನು ಬೇಗ ಕಟ್ಟಿಕೊಡಿ. ಕಟಿಂಗ್ ಶಾಪ್‌ನವರು ಮಷಿನ್ ಬದಲು ಕತ್ತರಿ ಹಿಡಿದರೆ, ಜನ ಇಲ್ಲದ ಹೊತ್ತಿಗೆ ಬರೋಕೆ ಹೇಳಿದರೆ ಎಷ್ಟೋ ಉಪಕಾರ. ‘ಎರಡೇಟು ಹಾಕಿದ್ರೆ ಸರಿ ಹೋಗುತ್ತೆ’ ಅನ್ನೋ ಸಲಹೆ ಮಾತ್ರ ಬೇಡ.