ಕಾಲುವೆ ದಂಡೆಯ ಟ್ರೆಡಿಗರ್: ಫಿರಂಗಿ ಎರಕದ ಮನೆ ಈಗ ವಸ್ತುಸಂಗ್ರಹಾಲಯ

ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್‌ಮಂಡ್ ವಾಷಿಂಗ್ಟನ್ ನಗರದಿಂದ ದಕ್ಷಿಣಕ್ಕೆ ಸುಮಾರು 170 ಕಿ.ಮೀ. ದೂರದಲ್ಲಿದೆ. ಇಲ್ಲಿ ಜೇಮ್ಸ್ ನದಿ ಬಂಡೆಗಳ ಮೇಲೆ ಧುಮುಕುತ್ತ ಹರಿಯುವುದರಿಂದ ದೋಣಿಗಳಿಗೆ ದಾರಿಯಿರಲಿಲ್ಲ. ಹಾಗಾಗಿ ನದಿಯ ಮಗ್ಗುಲಲ್ಲೇ ಕಾಲುವೆಯೊಂದನ್ನು ತೋಡಲಾಯಿತು. 1785ರಲ್ಲಿ ಸ್ಥಾಪನೆಗೊಂಡ ಕಾಲುವೆ ಕಂಪೆನಿಗೆ ಜಾರ್ಜ್ ವಾಷಿಂಗ್ಟನ್ ಗೌರವಾಧ್ಯಕ್ಷರಾಗಿದ್ದರು. ಈ ಕಾಲುವೆಗೂ ನದಿಗೂ ನಡುವಿನ ಇಳಿಜಾರಿನಲ್ಲಿ 1837ರಲ್ಲಿ ತಲೆಯೆತ್ತಿದ್ದೇ ಟ್ರೆಡಿಗರ್ ಕಬ್ಬಿಣದ ಕಾರ್ಖಾನೆ. ಹೆಸರು ವೇಲ್ಸ್‌ನ ಕಬ್ಬಿಣದ ಊರೊಂದರದು.

ಸ್ಥಳದ ಆಯ್ಕೆಯಲ್ಲಿ ಜಾಣತನವಿತ್ತು. ನದಿಗಿಂತ ಎತ್ತರದಲ್ಲಿರುವ ಕಾಲುವೆಯ ನೀರು ಕೆಳಕ್ಕೆ ಬೀಳುವ ರಭಸಕ್ಕೆ ಕಾರ್ಖಾನೆಯ ಚಕ್ರಗಳು ತಿರುಗುತ್ತಿದ್ದವು. ಇಂಧನವೂ ಸರಕೂ ಅದೇ ಕಾಲುವೆಯಲ್ಲಿ ಸಾಗುತ್ತಿದ್ದವು. ಇಂದಿಗೂ ಇಲ್ಲಿ ನಿಂತು ನೋಡಿದರೆ ಕಾರ್ಖಾನೆ ನಡೆಯುತ್ತಿದ್ದ ಬಗೆ ಯಾರ ವಿವರಣೆಯೂ ಇಲ್ಲದೆ ಅರ್ಥವಾಗುತ್ತದೆ.

ಅರ್ಥಮಾಡಿಕೊಳ್ಳಲು ಕಷ್ಟವಾಗುವುದು ದುಡಿದವರ ಕಥೆ. ಬೀಡುಕಬ್ಬಿಣವನ್ನು ಕುಲುಮೆಯಲ್ಲಿ ಕರಗಿಸಿ, ಉದ್ದನೆಯ ಸಲಾಕೆಯಿಂದ ಕಲಕಿ, ಅದರೊಳಗಿನ ಇಂಗಾಲವನ್ನು ಸುಡುವುದು ನುರಿತವರ ಕೆಲಸ. ಬಿಳಿಯ ಕುಶಲಕರ್ಮಿಗಳು ಅದನ್ನು ತಮ್ಮ ಸ್ವತ್ತೆಂದೇ ಭಾವಿಸಿದ್ದರು. ಮಾಲೀಕ ಜೋಸೆಫ್ ರೀಡ್ ಆ್ಯಂಡರ್ಸನ್ ಇದೇ ಕೆಲಸವನ್ನು ಗುಲಾಮರಿಗೆ ಕಲಿಸಲು ಮುಂದಾದಾಗ, 1847ರಲ್ಲಿ ಅವರು ಮುಷ್ಕರ ಹೂಡಿದರು. ಆ್ಯಂಡರ್ಸನ್ ಅವರನ್ನು ಕೆಲಸದಿಂದ ತೆಗೆದುಹಾಕಿದ. ಕೂಲಿ ಕೇಳದ ಕೈಗಳು ಸಿಕ್ಕಿದವು. ಆ ಕೈಗಳ ಒಡೆಯರನ್ನು ಮಾತ್ರ ಯಾರೂ ಕೇಳಲಿಲ್ಲ.

1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಪ್ರತ್ಯೇಕಗೊಂಡ ದಕ್ಷಿಣದ ರಾಜ್ಯಗಳಿಗೆ ರಿಚ್‌ಮಂಡ್ ರಾಜಧಾನಿಯಾದರೆ, ಟ್ರೆಡಿಗರ್ ಅವುಗಳ ಆಯುಧಾಗಾರವಾಯಿತು. ಯುದ್ಧ ಮುಗಿಯುವಷ್ಟರಲ್ಲಿ ಇಲ್ಲಿ ಸುಮಾರು 1,100 ಫಿರಂಗಿಗಳು ಎರಕಗೊಂಡಿದ್ದವು. 1862ರ ಮಾರ್ಚ್‌ನಲ್ಲಿ ಹ್ಯಾಂಪ್ಟನ್ ರೋಡ್ಸ್ ಕದನದಲ್ಲಿ ಕಾದಿದ ‘ವರ್ಜೀನಿಯಾ’ ಯುದ್ಧನೌಕೆಯ ಉಕ್ಕಡಗದ ಕವಚವೂ, ಅಂದರೆ ಕಬ್ಬಿಣದ ತಗಡುಗಳೂ ಇಲ್ಲಿಯವೇ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟವರ ಫಿರಂಗಿಗಳನ್ನು ಎರೆದವರಲ್ಲಿ ಗುಲಾಮರೂ ಇದ್ದರೆಂಬುದು ಈ ತಾಣದ ಅತಿ ಕಹಿಯಾದ ಸತ್ಯ.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನೆ ನಗರವನ್ನು ತೊರೆಯುವಾಗ ಹಚ್ಚಿದ ಬೆಂಕಿ ಪೇಟೆಯನ್ನೇ ನುಂಗಿತು. ಕಾರ್ಖಾನೆ ಮಾತ್ರ ತನ್ನ ಕಾವಲು ಪಡೆಯಿಂದಾಗಿ ಉಳಿಯಿತು. ಉಕ್ಕಿನ ಯುಗ ಬಂದ ಮೇಲೆ ಹಿಂದೆ ಬಿದ್ದರೂ 1957ರವರೆಗೆ ಇಲ್ಲಿಯೇ ನಡೆಯಿತು.

1861ರ ಎರಕಶಾಲೆಯಲ್ಲಿ 2006ರಲ್ಲಿ ಅಂತರ್ಯುದ್ಧ ಕೇಂದ್ರ ತೆರೆಯಿತು. 2013ರಲ್ಲಿ ಅದು ನಗರದ ಇನ್ನೊಂದು ಸಂಗ್ರಹಾಲಯದೊಂದಿಗೆ ವಿಲೀನವಾಯಿತು. 2019ರಲ್ಲಿ ಹಳೆಯ ಇಟ್ಟಿಗೆ ಗೋಡೆಗಳನ್ನು ಒಳಗೊಂಡ ಗಾಜಿನ ಕಟ್ಟಡ ಸೇರಿತು. ಒಕ್ಕೂಟದ ಸೈನಿಕರು, ದಕ್ಷಿಣದವರು, ಗುಲಾಮರು ಮೂವರ ಕಣ್ಣಿನಿಂದಲೂ ಕಥೆ ಹೇಳುವುದು ಇಲ್ಲಿನ ಹೆಚ್ಚುಗಾರಿಕೆ. ಪ್ರವೇಶಕ್ಕೆ ಶುಲ್ಕವಿದೆ. ಹೊರಗಿನ ಆವರಣವನ್ನು ಸುತ್ತಲು ಒಂದು ಗಂಟೆಯಾದರೂ ಬೇಕು. ಅಲ್ಲಿ ಬೆಂಚಿನ ಮೇಲೆ ಮಗ ಟ್ಯಾಡ್‌ನೊಂದಿಗೆ ಕುಳಿತ ಲಿಂಕನ್ನರ ಕಂಚಿನ ಪ್ರತಿಮೆಯಿದೆ. 2003ರಲ್ಲಿ ಅದರ ಅನಾವರಣದ ದಿನವೂ ಪ್ರತಿಭಟನೆ ನಡೆದಿತ್ತು.