ಇಂಗಾಲದ ಅರೆವಾಹಕ: ಬೆಂಗಳೂರಿನ ಬೇರು, ವಸಂತನರಸಾಪುರದ ಬಯಲು

ಸಿಲಿಕಾನ್ ಹರಳು ಬೆಳೆಸಲು ಸಾವಿರದ ನಾನೂರು ಡಿಗ್ರಿ ದಾಟಿದ ಕುಲುಮೆ ಬೇಕು. ಇಂಗಾಲದ ಅಣುಗಳಿಂದಾದ ಎಷ್ಟೋ ಸಾವಯವ ಅರೆವಾಹಕಗಳಿಗೆ ಅಂಥ ಕಾವು ಬೇಡ. ದ್ರಾವಕದಲ್ಲಿ ಕರಗಿಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿದರೆ ಸಾಕು. ಈ ಕ್ಷೇತ್ರದ ಎರಡು ಮುಖ್ಯ ಬೇರುಗಳು ಚಿಗುರಿದ್ದು ಒಂದೇ ವರ್ಷ, 1977ರಲ್ಲಿ.

ಆ ವರ್ಷ ಅಮೆರಿಕದಲ್ಲಿ ಹೀಗರ್, ಮ್ಯಾಕ್‌ಡಿಯರ್ಮಿಡ್ ಮತ್ತು ಶಿರಾಕಾವಾ ಪಾಲಿಅಸಿಟಲೀನ್ ಎಂಬ ಪ್ಲಾಸ್ಟಿಕ್‌ಗೆ ಅಯೋಡಿನ್ ಹಬೆ ತಾಗಿಸಿದರು. ಅದರ ವಿದ್ಯುದ್ವಾಹಕತೆ ಲಕ್ಷಾಂತರ ಪಟ್ಟು ಏರಿತು. 2000ದಲ್ಲಿ ಅವರಿಗೆ ನೊಬೆಲ್ ಸಂದಿತು. ಅದೇ 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ 'ಪ್ರಮಾಣ' ಪತ್ರಿಕೆಯಲ್ಲಿ ಹೊಸ ಬಗೆಯ ದ್ರವ ಸ್ಫಟಿಕವನ್ನು ವರದಿ ಮಾಡಿದರು. ಅಲ್ಲಿಯವರೆಗೆ ತಿಳಿದಿದ್ದ ದ್ರವ ಸ್ಫಟಿಕಗಳ ಅಣುಗಳು ಕಡ್ಡಿಯಾಕಾರದವು. ಇವರದು ತಟ್ಟೆಯಾಕಾರದವು, ನಾಣ್ಯ ಪೇರಿಸಿದಂತೆ ಒಂದರ ಮೇಲೊಂದು ಕೂತು ಕಂಬಗಳಾಗುತ್ತಿದ್ದವು.

ಆ ಕಂಬಗಳ ಮಹತ್ವ ಎಲೆಕ್ಟ್ರಾನಿಕ್ಸ್‌ಗೆ ತಿಳಿದದ್ದು ನಿಧಾನವಾಗಿ. ತಟ್ಟೆಗಳ ನಡುಭಾಗದ ಎಲೆಕ್ಟ್ರಾನ್ ಮೋಡಗಳು ಒಂದರ ಮೇಲೊಂದು ಹಾಯುವುದರಿಂದ ವಿದ್ಯುದಾವೇಶ ಕಂಬದುದ್ದಕ್ಕೂ ಸಾಗುತ್ತದೆ. ಸುತ್ತಲಿನ ಇಂಗಾಲದ ಬಾಲಗಳು ನಿರೋಧಕ ಕವಚವಾಗುತ್ತವೆ. 1994ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಂಥ ಕಂಬಗಳಲ್ಲಿ ಆವೇಶ ಎಷ್ಟು ವೇಗವಾಗಿ ಚಲಿಸುತ್ತದೆಂದು ಅಳೆದು ತೋರಿಸಿದ ಮೇಲೆ ಈ ವಸ್ತುಗಳು ಅರೆವಾಹಕಗಳೆಂದು ಮನ್ನಣೆ ಪಡೆದವು. ರಾಮನ್ ಸಂಸ್ಥೆಯಲ್ಲಿ ಸಂದೀಪ್ ಕುಮಾರ್ ಇವುಗಳ ರಸಾಯನಶಾಸ್ತ್ರವನ್ನು ದಶಕಗಳ ಕಾಲ ಬೆಳೆಸಿದರು.

ಈ ನಡುವೆ 1987ರಲ್ಲಿ ಕೊಡಾಕ್ ಕಂಪನಿಯ ಟ್ಯಾಂಗ್ ಮತ್ತು ವ್ಯಾನ್‌ಸ್ಲೈಕ್ ತೆಳು ಸಾವಯವ ಪದರಗಳಿಂದ ಬೆಳಕು ಹೊಮ್ಮಿಸಿದರು. ಇಂದಿನ ಮೊಬೈಲ್‌ಗಳ ಓಎಲ್‌ಇಡಿ ಪರದೆ ಆ ಕೆಲಸದ ಫಲ.

ಬೆಂಗಳೂರಿನಲ್ಲಿ ಸಂಶೋಧನೆ ಹಲವು ಕವಲೊಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಾಮಶೇಷ ಎಲೆಕ್ಟ್ರಾನ್‌ಗಳ ಪರಸ್ಪರ ವಿಕರ್ಷಣೆಯನ್ನು ಲೆಕ್ಕಕ್ಕೆ ಹಿಡಿದು ಪಾಲಿಅಸಿಟಲೀನ್‌ನಂಥ ಪಾಲಿಮರ್‌ಗಳ ಸಿದ್ಧಾಂತ ಕಟ್ಟಿದರು. ಸತೀಶ್ ಪಾಟೀಲ್ ಹೊಸ ಪಾಲಿಮರ್‌ಗಳನ್ನು ರೂಪಿಸಿದರು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ಅವರ ತಂಡ ಪಾಲಿಮರ್ ಪದರವನ್ನು ಬೆಳಕಿನ ಸಂವೇದಕವನ್ನಾಗಿಸಿತು. ದೃಷ್ಟಿಕೋಶಗಳಿನ್ನೂ ಕೆಲಸ ಆರಂಭಿಸದ ಕೋಳಿಭ್ರೂಣದ ಅಕ್ಷಿಪಟಲವನ್ನು ಅಂಥ ಪದರದ ಮೇಲಿಟ್ಟು ಬೆಳಕು ಬಿಟ್ಟಾಗ ನರಕೋಶಗಳು ಸ್ಪಂದಿಸಿದ್ದನ್ನು 2014ರಲ್ಲಿ ಪ್ರಕಟಿಸಿತು. ಮುಂದೊಂದು ದಿನ ಕೃತಕ ಅಕ್ಷಿಪಟಲಕ್ಕೆ ದಾರಿಯಾಗಬಲ್ಲ ಕೆಲಸವಿದು.

ಈಗ ಎಲ್ಲರ ಕಣ್ಣು ಸಾವಯವ, ನಿರವಯವ ಎರಡೂ ಕೂಡಿದ ಪೆರೊವ್‌ಸ್ಕೈಟ್‌ನಂಥ ಮಿಶ್ರ ವಸ್ತುಗಳ ಮೇಲಿದೆ. ಪೆರೊವ್‌ಸ್ಕೈಟ್‌ನಲ್ಲಿ ಸೀಸ ಮತ್ತು ಅಯೋಡಿನ್‌ಗಳ ಚೌಕಟ್ಟಿನೊಳಗೆ ಪುಟ್ಟ ಸಾವಯವ ಅಯಾನು ಕೂತಿರುತ್ತದೆ. ಆ ಅಯಾನು ಒಳಗೆ ಹೇಗೆ ಹೊರಳಾಡುತ್ತದೆಂಬುದನ್ನು ವಿಜ್ಞಾನ ಸಂಸ್ಥೆಯ ಡಿ.ಡಿ. ಶರ್ಮಾ ಅವರ ತಂಡ ಅಧ್ಯಯನ ಮಾಡಿದೆ. 2009ರಲ್ಲಿ ವಿಜ್ಞಾನಿ ಮಿಯಾಸಾಕಾ ಅವರ ತಂಡ ವರದಿ ಮಾಡಿದ ಪೆರೊವ್‌ಸ್ಕೈಟ್ ಸೌರಕೋಶದ ದಕ್ಷತೆ ಶೇ. 3.8 ಇತ್ತು, ಇಂದು ಪ್ರಯೋಗಾಲಯಗಳಲ್ಲಿ ಶೇ. 25 ದಾಟಿದೆ. ಸಿಲಿಕಾನ್ ಮೇಲೆ ಈ ಪದರ ಹಾಸಿದ ಜೋಡಿಕೋಶಗಳು ಶೇ. 33ನ್ನೂ ಮೀರಿವೆ.

ಆದರೆ ದಕ್ಷತೆಗಿಂತ ದೊಡ್ಡ ಪ್ರಶ್ನೆ ಬಾಳಿಕೆಯದು. ತೇವ, ಶಾಖ, ಬೆಳಕು ಮೂರೂ ಪೆರೊವ್‌ಸ್ಕೈಟ್‌ನ್ನು ಕೆಡಿಸುತ್ತವೆ. ಸೀಸ ಮಣ್ಣಿಗಿಳಿಯದಂತೆ ತಡೆಯಬೇಕು. ಉಗುರಿನಗಲದ ಕೋಶದಲ್ಲಿ ಕಂಡ ದಕ್ಷತೆ ಚದರ ಮೀಟರಿನ ಫಲಕದಲ್ಲೂ ಉಳಿಯಬೇಕು.

ಬಾಳಿಕೆ ಮತ್ತು ದೊಡ್ಡ ಗಾತ್ರ, ಈ ಎರಡೂ ಪರೀಕ್ಷೆಗೆ ತುಮಕೂರು ಜಿಲ್ಲೆ ತಕ್ಕ ನೆಲ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಉದ್ಯಾನವಿದೆ. ರೈತರು ಗುತ್ತಿಗೆಗೆ ಕೊಟ್ಟ ಆ ನೆಲದಲ್ಲಿ ನಿಂತ ಫಲಕಗಳಿಂದ ಸುಮಾರು 25 ವರ್ಷ ದುಡಿಮೆ ನಿರೀಕ್ಷಿಸಲಾಗುತ್ತದೆ. ಹೊಸ ವಸ್ತುವೂ ಅಲ್ಲಿಯ ಬಿಸಿಲು, ಧೂಳುಗಳನ್ನು ಅಷ್ಟು ಕಾಲ ತಾಳಿದರೆ ಮಾತ್ರ ಗೆದ್ದಂತೆ. ಇನ್ನು ದೊಡ್ಡ ಫಲಕಗಳ ತಯಾರಿಕೆಗೆ ಜಿಲ್ಲೆಯ ವಸಂತನರಸಾಪುರ ಕೈಗಾರಿಕಾ ಪ್ರದೇಶವಿದೆ. ಅದಕ್ಕೆ ರಾಷ್ಟ್ರೀಯ ಹೆದ್ದಾರಿಯಿದೆ, ಜಪಾನ್ ಕಂಪನಿಗಳಿಗೆಂದು ಗೊತ್ತುಮಾಡಿದ ಜಾಗವಿದೆ, ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಯೋಜನೆಯಿದೆ. ಸಂಶೋಧನೆಯ ನೆರವೂ ದೂರವಿಲ್ಲ. ದ್ರವ ಸ್ಫಟಿಕ ಸಂಶೋಧನೆಗೆಂದು ಚಂದ್ರಶೇಖರ್ ಕಟ್ಟಿದ ಕೇಂದ್ರವೇ ಇಂದಿನ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ. ಅದೂ ದಾಸನಪುರ ಹೋಬಳಿಯ ಶಿವನಪುರದಲ್ಲಿ, ಬೆಂಗಳೂರಿನಿಂದ ತುಮಕೂರಿನತ್ತ ಬರುವ ದಿಕ್ಕಿನಲ್ಲೇ ಇದೆ.

ಮೂಲ ಶೋಧದಲ್ಲಿ ನಾವು ಜಗತ್ತಿಗಿಂತ ಹಿಂದಿರಲಿಲ್ಲ. ಆ ಶೋಧ ಸರಕಾಗುವ ಹಾದಿಯಲ್ಲಿ ಹಿಂದುಳಿದೆವು. ಪೆರೊವ್‌ಸ್ಕೈಟ್‌ನ ವಿಷಯದಲ್ಲಿ ಹಾಗಾಗಬಾರದು. ವಿದ್ಯಾರ್ಥಿಗಳೂ ಸಣ್ಣ ಉದ್ಯಮಿಗಳೂ ಬಳಸಬಹುದಾದ ಮುದ್ರಣ ಘಟಕವೊಂದು ವಸಂತನರಸಾಪುರದಲ್ಲಿ, ಹೊಸ ಫಲಕಗಳ ಪರೀಕ್ಷಾ ಸಾಲೊಂದು ಪಾವಗಡದಲ್ಲಿ ಬರಬೇಕು. ವಸ್ತು ಇನ್ನೂ ಪಕ್ವವಾಗುತ್ತಿರುವ ಈ ವರ್ಷಗಳೇ ಅದಕ್ಕೆ ಸರಿಯಾದ ಸಮಯ.