ಟೆಲಿವಿಷನ್ ಪರವಾನಗಿ ಶುಲ್ಕ: ಬೀದರ್ ಗಡಿನಾಡಿನ ಹಿನ್ನೆಲೆಯಲ್ಲಿ

ಮನೆಯಲ್ಲಿ ಟಿ.ವಿ. ಇಟ್ಟುಕೊಂಡವರು, ಯಾವ ವಾಹಿನಿ ನೋಡಿದರೂ ಸರಿ, ಕಾನೂನಿನ ಪ್ರಕಾರ ವರ್ಷವರ್ಷ ಕಟ್ಟಬೇಕಾದ ಹಣಕ್ಕೆ ಟೆಲಿವಿಷನ್ ಪರವಾನಗಿ ಶುಲ್ಕ ಎಂದು ಹೆಸರು. ಸಾರ್ವಜನಿಕ ಪ್ರಸಾರ ಸಂಸ್ಥೆಯನ್ನು ಸಾಕುವುದಕ್ಕೆಂದು ಹಲವು ದೇಶಗಳು ಇದನ್ನು ವಿಧಿಸಿವೆ. ಭಾರತದಲ್ಲಿ ಮೊದಲು ರೇಡಿಯೋಗೆ, ಆಮೇಲೆ ಟಿ.ವಿ.ಗೂ ಇದು ಇತ್ತು. 1980ರ ದಶಕದ ನಡುವಿನ ಹೊತ್ತಿಗೆ ರದ್ದಾಯಿತು. ಬಳಕೆಯ ಮಾತಿನಲ್ಲಿ ಇದು ‘ರೇಡಿಯೋ ಲೈಸೆನ್ಸ್’, ‘ಟಿ.ವಿ. ಲೈಸೆನ್ಸ್’. ಇಂಥ ಶುಲ್ಕ ಇರಬೇಕೆ ಎಂಬ ಚರ್ಚೆ ಸಾಮಾನ್ಯವಾಗಿ ಲಂಡನ್ನನ್ನೋ ದೆಹಲಿಯನ್ನೋ ನಡುವೆ ಇಟ್ಟುಕೊಂಡು ನಡೆಯುತ್ತದೆ. ಬೀದರ್ ಪಕ್ಕದ ಅಷ್ಟೂರದಲ್ಲೋ ಭಾಲ್ಕಿ, ಔರಾದ್ ತಾಲ್ಲೂಕುಗಳ ಹಳ್ಳಿಯಲ್ಲೋ ನಿಂತು ನೋಡಿದರೆ ಪ್ರಶ್ನೆಯ ರೂಪವೇ ಬೇರೆ. ಕಟ್ಟಿದ ಹಣಕ್ಕೆ ತನ್ನ ಭಾಷೆಯ ದನಿ ತನ್ನ ಮನೆಯವರೆಗೆ ಬಂತೆ ಎಂಬುದು ಅಲ್ಲಿ ಮೊದಲು ಕೇಳಬೇಕಾದದ್ದು.

ಹುಟ್ಟು

ಬ್ರಿಟನ್ನಿನಲ್ಲಿ 1922ರಲ್ಲಿ ರೇಡಿಯೋ ಕೇಳುವವರಿಗೆ ವರ್ಷಕ್ಕೆ 10 ಶಿಲಿಂಗ್ ಶುಲ್ಕ ನಿಗದಿಯಾಯಿತು. ಅದೇ ಮಾದರಿ ಭಾರತಕ್ಕೂ ಬಂತು. 1927ರ ಜುಲೈ 23ರಂದು ಮುಂಬಯಿಯಲ್ಲಿ, ಮರುತಿಂಗಳು ಕಲ್ಕತ್ತೆಯಲ್ಲಿ ಕೇಂದ್ರ ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಖಾಸಗಿಯದು. ಕೇಳುಗರು ಸರ್ಕಾರಕ್ಕೆ ಕಟ್ಟುತ್ತಿದ್ದ 10 ರೂಪಾಯಿಯ ಲೈಸೆನ್ಸಿನಲ್ಲಿ ಶೇ. 80 ಕಂಪನಿಗೆ ಸಲ್ಲುತ್ತಿತ್ತು. ಆದರೆ ಕಟ್ಟುವವರೇ ಇರಲಿಲ್ಲ. ಲೈಸೆನ್ಸುಗಳ ಸಂಖ್ಯೆ ಎಂಟು ಸಾವಿರದ ಆಸುಪಾಸಿಗೆ ಬಂದು ನಿಂತಿತು. 1930ರ ಮಾರ್ಚಿನಲ್ಲಿ ಕಂಪನಿ ಮುಚ್ಚಿತು, ಏಪ್ರಿಲ್‌ನಿಂದ ಸರ್ಕಾರವೇ ಪ್ರಸಾರದ ಹೊಣೆ ಹೊತ್ತಿತು. ಲೈಸೆನ್ಸಿಲ್ಲದೆ ರೇಡಿಯೋ ಇಟ್ಟುಕೊಳ್ಳುವುದು ಅಪರಾಧವಾದದ್ದು 1933ರ ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಿಂದ.

ಕನ್ನಡ ನಾಡಿನ ಮೊದಲ ಬಾನುಲಿಗೆ ಈ ಹಣದ ಆಸರೆ ಇರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಿಂದಲೇ, ಕೈಯಿಂದ ಖರ್ಚು ಹಾಕಿ, ‘ಆಕಾಶವಾಣಿ’ ಶುರುಮಾಡಿದರು. ಕೆಲವು ವರ್ಷಗಳ ಮೇಲೆ ಅದನ್ನು ಮೈಸೂರು ಸಂಸ್ಥಾನಕ್ಕೆ ಒಪ್ಪಿಸಿದರು. ಒಬ್ಬ ಮನುಷ್ಯನ ಉತ್ಸಾಹದಿಂದ ಬಾನುಲಿ ಹುಟ್ಟಬಹುದು. ಬಹುಕಾಲ ಬಾಳಬೇಕಾದರೆ ಬೊಕ್ಕಸ ಬೇಕು. 1935ರಲ್ಲೇ, ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮ ಸರ್ಕಾರ ಡೆಕ್ಕನ್ ರೇಡಿಯೋ ನಡೆಸತೊಡಗಿತು. 1950ರ ಏಪ್ರಿಲ್ 1ರಂದು ಅದು ಭಾರತ ಸರ್ಕಾರದ ಆಕಾಶವಾಣಿಗೆ ಸೇರಿತು.

ಲೈಸೆನ್ಸ್ ಪುಸ್ತಕದ ಕಾಲ

ಸ್ವಾತಂತ್ರ್ಯದ ನಂತರವೂ ವ್ಯವಸ್ಥೆ ಹಾಗೆಯೇ ಮುಂದುವರಿಯಿತು. ರೇಡಿಯೋ ಕೊಂಡವರು ಅಂಚೆ ಕಚೇರಿಗೆ ಹೋಗಿ ಕೈಯಗಲದ ಒಂದು ಪುಸ್ತಕ ಮಾಡಿಸಿಕೊಳ್ಳಬೇಕು. ಅದರಲ್ಲಿ ಮಾಲೀಕರ ಹೆಸರು, ವಿಳಾಸ, ಸೆಟ್ಟಿನ ವಿವರ. ಪ್ರತಿವರ್ಷ ಹಣ ಕಟ್ಟಿದಾಗ ಲೈಸೆನ್ಸಿನದೇ ಪ್ರತ್ಯೇಕ ಸ್ಟಾಂಪು ಅಂಟಿಸಿ, ಅದರ ಮೇಲೆ ಅಂಚೆಯ ಮೊಹರು ಒತ್ತಿ ಕೊಡುತ್ತಿದ್ದರು. ತಡವಾದರೆ ದಂಡ. ರೇಡಿಯೋಗೆ 15 ರೂಪಾಯಿ, ಅಗ್ಗದ ಸೆಟ್ಟಿಗೆ ಅದರ ಅರ್ಧ, ಟಿ.ವಿ.ಗೆ 50 ರೂಪಾಯಿ. ಹಳೆಯ ಮನೆಗಳ ಟ್ರಂಕಿನಲ್ಲಿ ಜಮೀನಿನ ಪಹಣಿ, ರೇಷನ್ ಕಾರ್ಡುಗಳ ನಡುವೆ ಇಂಥ ಪುಸ್ತಕ ಈಗಲೂ ಸಿಗುವುದುಂಟು. ಸರ್ಕಾರಿ ಮೊಹರು ಬಿದ್ದ ಕಾಗದವನ್ನು ನಮ್ಮ ಜನ ಸುಮ್ಮನೆ ಎಸೆಯುವುದಿಲ್ಲ.

ಈ ವ್ಯವಸ್ಥೆಯ ದೊಡ್ಡ ದೋಷ ಬೀದರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಅದಕ್ಕೆ ಹತ್ತಿರದ ಬಾನುಲಿ ಕೇಂದ್ರ ಹೈದರಾಬಾದಿನದೇ. ಅಲ್ಲಿಯ ಮುಖ್ಯ ಭಾಷೆಗಳು ತೆಲುಗು ಮತ್ತು ಉರ್ದು. ಕನ್ನಡದ ಕೇಂದ್ರಗಳಾದ ಧಾರವಾಡ (1950) ಮತ್ತು ಬೆಂಗಳೂರು (1955) ದೂರದಲ್ಲಿದ್ದವು. ಗುಲ್ಬರ್ಗಾದಲ್ಲಿ ಆಕಾಶವಾಣಿ ಬಂದದ್ದು 1966ರಲ್ಲಿ. ಅಲ್ಲಿಯವರೆಗಿನ ಹತ್ತು ವರ್ಷ ಬೀದರಿನ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಎಣಿಸಿದ ಕನ್ನಡಿಗ, ಬೆಂಗಳೂರಿನವನು ಕೊಟ್ಟಷ್ಟೇ ಕೊಟ್ಟು ಅವನಿಗಿಂತ ತೀರ ಕಡಿಮೆ ಪಡೆದ. ಶುಲ್ಕ ಎಲ್ಲರಿಗೂ ಒಂದೇ ಆಗಿತ್ತು, ಸಿಕ್ಕ ಸೇವೆ ಒಂದೇ ಆಗಿರಲಿಲ್ಲ.

ಟಿ.ವಿ.ಯ ವಿಷಯದಲ್ಲೂ ಇದೇ ನಡೆಯಿತು. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಶುರುವಾದ ದೂರದರ್ಶನ ಈ ಸೀಮೆಯ ಕಡೆ ತಿರುಗಿದ್ದು ಸೈಟ್ ಎಂಬ ಉಪಗ್ರಹ ಟಿ.ವಿ. ಪ್ರಯೋಗದ ಮೂಲಕ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಕಾರ್ಯಕ್ರಮ ತೋರಿಸಲಾಯಿತು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು, ಬಿಜಾಪುರ. ಊರಿಗೊಂದು ಸೆಟ್ಟು, ಅದಕ್ಕೆ ತಂತಿಬಲೆಯ ದೊಡ್ಡ ಬೋಗುಣಿಯಂಥ ಆಂಟೆನಾ. ಸಂಜೆ ಊರೆಲ್ಲ ಅದರ ಮುಂದೆ ಕೂತು ನೋಡುತ್ತಿತ್ತು. ನೋಡಿದವರು ಬಿಡಿಗಾಸೂ ಕೊಡಬೇಕಾಗಿರಲಿಲ್ಲ. ಹೈದರಾಬಾದ್ ಕರ್ನಾಟಕದ ರೈತ ಟಿ.ವಿ.ಯನ್ನು ಮೊದಲು ಕಂಡದ್ದು ಸಾರ್ವಜನಿಕ ಸೊತ್ತಾಗಿ. ಬಾನುಲಿ ಮತ್ತು ಟಿ.ವಿ.ಯ ಹಣಕಾಸಿನ ಚರಿತ್ರೆ ಬರೆಯುವವರು ಇದನ್ನು ಹಾರಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಈ ಚರಿತ್ರೆಯ ಅತಿ ಮುಖ್ಯ ಅಧ್ಯಾಯ ಇದೇ.

ಪ್ರಯೋಗ ಮುಗಿದ ಮೇಲೆ 1977ರ ಸೆಪ್ಟೆಂಬರ್‌ನಲ್ಲಿ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಅಂದರೆ ರಾಜಧಾನಿಗಿಂತ ನಾಲ್ಕು ವರ್ಷ ಮೊದಲು ಗುಲ್ಬರ್ಗಾಕ್ಕೆ. ಆದರೆ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಬೀದರ್ ಗುಲ್ಬರ್ಗಾದಿಂದ ನೆಟ್ಟನೆಯ ದಾರಿಯಲ್ಲಿ ಸುಮಾರು ನೂರು ಕಿ.ಮೀ. ಅಷ್ಟು ದೂರದಲ್ಲಿ ಎತ್ತರದ ಕಂಬಕ್ಕೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ ತಿರುಗಿಸಿದರೂ ಚಿತ್ರ ನಿಚ್ಚಳವಾಗಿ ನಿಲ್ಲುವ ಭರವಸೆಯಿಲ್ಲ.

ರದ್ದಾದದ್ದು

1967ರ ನವೆಂಬರ್‌ನಲ್ಲಿ ವಿವಿಧ ಭಾರತಿ ಜಾಹೀರಾತು ತೆಗೆದುಕೊಳ್ಳತೊಡಗಿತು, 1976ರಿಂದ ದೂರದರ್ಶನವೂ. 1982ರಲ್ಲಿ ಬಣ್ಣದ ಟಿ.ವಿ. ಬಂದು, ಸೆಟ್ಟುಗಳು ಮನೆಮನೆ ಸೇರತೊಡಗಿದಾಗ ಅಂಚೆ ಕಚೇರಿಯ ಕಿಟಕಿಯಲ್ಲಿ ಹಣ ವಸೂಲಿ ಮಾಡುವುದೇ ಹೊರೆಯಾಯಿತು. ಮೊದಲು ಅಗ್ಗದ ರೇಡಿಯೋಗಳ ಲೈಸೆನ್ಸ್ ಹೋಯಿತು, ಆಮೇಲೆ ಉಳಿದವು. ಕಟ್ಟಿದ ಹಣ ಆಕಾಶವಾಣಿಯ ಕೈಗೆ ನೇರವಾಗಿ ಹೋಗದೆ ಸರ್ಕಾರದ ಸಂಚಿತ ನಿಧಿಗೆ ಸೇರುತ್ತಿದ್ದುದರಿಂದ, ರದ್ದಾದಾಗ ಅದರ ಪರವಾಗಿ ದನಿಯೆತ್ತುವವರೂ ಇರಲಿಲ್ಲ. ಬ್ರಿಟನ್ನಿನ ಶುಲ್ಕಕ್ಕೂ ನಮ್ಮದಕ್ಕೂ ಇದ್ದ ದೊಡ್ಡ ವ್ಯತ್ಯಾಸ ಇದು. ಅಲ್ಲಿ ಶುಲ್ಕ ಬಿಬಿಸಿಗೆ ಸರ್ಕಾರದಿಂದ ಒಂದಿಷ್ಟು ದೂರ ನಿಲ್ಲುವ ಬಲ ಕೊಟ್ಟಿತು. ಇಲ್ಲಿ ಅದು ಬರೀ ತೆರಿಗೆಯಾಗಿ ಉಳಿಯಿತು, ಪ್ರಸಾರ ಸರ್ಕಾರದ ಇಲಾಖೆಯಾಗಿಯೇ ಉಳಿಯಿತು. 1978ರಲ್ಲಿ ಬಿ.ಜಿ. ವರ್ಗೀಸ್ ಸಮಿತಿ ಸ್ವಾಯತ್ತ ಸಂಸ್ಥೆ ಬೇಕೆಂದಿತು. ಅಂಥ ಸಂಸ್ಥೆಯಾಗಿ ಪ್ರಸಾರ ಭಾರತಿಯನ್ನು ಕಟ್ಟುವ ಕಾಯ್ದೆ 1990ರಲ್ಲಿ ಆಯಿತು, ಜಾರಿಗೆ ಬಂದದ್ದು 1997ರಲ್ಲಿ. ಇಂದಿಗೂ ಅದರ ಸಂಬಳ ಸಾರಿಗೆ ಬಹುಪಾಲು ಬರುವುದು ಕೇಂದ್ರದ ಅನುದಾನದಿಂದ.

ಬೇರೆ ದೇಶಗಳಲ್ಲಿ

ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಲ್ಲಿ ಶುಲ್ಕ 174.50 ಪೌಂಡ್ ಆಯಿತು, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಯ ಹತ್ತಿರ. ಕಟ್ಟದೆ ನೋಡಿದರೆ ಕ್ರಿಮಿನಲ್ ಮೊಕದ್ದಮೆ, 1,000 ಪೌಂಡ್‌ವರೆಗೆ ದಂಡ. ಶಿಕ್ಷೆಗೊಳಗಾದವರಲ್ಲಿ ಹೆಂಗಸರೇ ಹೆಚ್ಚು, ಯಾಕೆಂದರೆ ತಪಾಸಣೆಯವರು ಬಾಗಿಲು ಬಡಿದಾಗ ಮನೆಯಲ್ಲಿ ಸಿಗುವವರು ಅವರು. ಬಡವನಿಗೂ ಬಲ್ಲಿದನಿಗೂ ಒಂದೇ ಮೊತ್ತ ಎಂಬುದು ಈ ಶುಲ್ಕದ ಮೇಲಿನ ಹಳೆಯ ಆಕ್ಷೇಪ, ಅದಕ್ಕೆ ಈವರೆಗೆ ಸರಿಯಾದ ಉತ್ತರ ಬಂದಿಲ್ಲ. ಆಸ್ಟ್ರೇಲಿಯಾ 1974ರಲ್ಲಿ, ಫ್ರಾನ್ಸ್ 2022ರಲ್ಲಿ ಶುಲ್ಕ ತೆಗೆದುಹಾಕಿದವು. ಫಿನ್ಲೆಂಡ್ 2013ರಲ್ಲಿ ಆದಾಯಕ್ಕೆ ತಕ್ಕ ತೆರಿಗೆಯನ್ನಾಗಿ ಮಾಡಿಕೊಂಡಿತು. ಜರ್ಮನಿ ಅದೇ ವರ್ಷ ಸೆಟ್ಟು ಎಣಿಸುವುದನ್ನು ಬಿಟ್ಟು ಮನೆಗಿಷ್ಟು ಎಂದು ವಿಧಿಸಿತು. ಪಾಕಿಸ್ತಾನದಲ್ಲಿ ಬಹಳ ಕಾಲ ಕರೆಂಟ್ ಬಿಲ್ಲಿನಲ್ಲೇ 35 ರೂಪಾಯಿ ಹಿಡಿದುಕೊಂಡರು.

ಬೀದರಿಗೆ ಪಾಠವಾಗಬಲ್ಲದ್ದು ಸ್ವಿಟ್ಜರ್ಲೆಂಡ್. ಅಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ನಾಲ್ಕು ಭಾಷೆಗಳು. ಕೊನೆಯದನ್ನು ಆಡುವವರು ಲಕ್ಷಕ್ಕೂ ಕಡಿಮೆ ಜನ. 2018ರ ಮಾರ್ಚ್ 4ರಂದು ಶುಲ್ಕ ರದ್ದುಮಾಡಬೇಕೆ ಎಂದು ಜನಮತ ಕೇಳಿದಾಗ ಶೇ. 71ಕ್ಕೂ ಹೆಚ್ಚು ಮಂದಿ ಬೇಡವೆಂದರು. ಜರ್ಮನ್ ಆಡುವವರು ಕಟ್ಟಿದ ಹಣದಲ್ಲೇ ಇಟಾಲಿಯನ್ ಪ್ರಾಂತಕ್ಕೆ, ಅದು ಕಟ್ಟಿದ್ದರ ಹಲವು ಪಟ್ಟು ಹಣ ಹೋಗುತ್ತದೆ. ರೊಮಾನ್ಶ್ ವಾರ್ತೆ ನಡೆಯುತ್ತದೆ. ಜಾಹೀರಾತಿನಿಂದ ಈ ಕೆಲಸ ಆಗುವುದಿಲ್ಲ. ಕೊಳ್ಳುವವರು ಎಲ್ಲಿ ಹೆಚ್ಚೋ ಜಾಹೀರಾತು ಅಲ್ಲಿಗೆ ಹೋಗುತ್ತದೆ.

ಅಷ್ಟೂರ, ಭಾಲ್ಕಿ, ಔರಾದ್

ಬೀದರ್ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಔರಾದಿನ ಕಡೆ ಮರಾಠಿ ಮನೆಮಾತಾದವರು ಬಹಳ. ಅಷ್ಟೂರದಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಬೀದರನ್ನು ರಾಜಧಾನಿ ಮಾಡಿಕೊಂಡ ಅಹ್ಮದ್ ಷಾ ವಲಿಯ ಗೋರಿಯ ಉರುಸಿಗೆ ಪ್ರತಿವರ್ಷ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ. ಅವನನ್ನು ಅಲ್ಲಮಪ್ರಭುವೆಂದು ಭಾವಿಸುವ ಭಕ್ತರಿದ್ದಾರೆ. ಭಾಲ್ಕಿಯ ಹಿರೇಮಠದಲ್ಲಿ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅಂಗಡಿ ಲೆಕ್ಕದಲ್ಲಿ ನೋಡಿದರೆ ಇದು ಯಾವ ವಾಹಿನಿಗೂ ಲಾಭ ತರುವ ನೆಲವಲ್ಲ. ಬೆಂಗಳೂರಿನ ಖಾಸಗಿ ಸುದ್ದಿ ವಾಹಿನಿಗಳಲ್ಲಿ ಬೀದರ್ ಕಾಣಿಸಿಕೊಳ್ಳುವುದು ಬರಗಾಲ, ಅಪಘಾತ, ಚುನಾವಣೆ ಬಂದಾಗ.

ಹಾಗಾದರೆ ಇಲ್ಲಿಯ ನೋಡುಗ ಈಗ ಹಣ ಕೊಡದೆ ನೋಡುತ್ತಿದ್ದಾನೆಯೇ? ಇಲ್ಲ. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಜಾರಿಗೆ ತಂದ ದರ ಪದ್ಧತಿಯಲ್ಲಿ ಬರೀ ಕೇಬಲ್ ಸಂಪರ್ಕಕ್ಕೇ ತಿಂಗಳಿಗೆ 130 ರೂಪಾಯಿಯವರೆಗೆ ವಸೂಲಿ ಮಾಡಬಹುದಿತ್ತು. ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ವರ್ಷಕ್ಕೆ 1,840 ದಾಟುತ್ತದೆ. ಪೇ ಚಾನೆಲ್‌ಗಳ ಬೆಲೆ ಬೇರೆ. 2024ರಲ್ಲಿ ಆ ಮಿತಿಯನ್ನೂ ತೆಗೆದರು. 1995ರ ಕೇಬಲ್ ಕಾಯ್ದೆಯ ಪ್ರಕಾರ ದೂರದರ್ಶನದ ವಾಹಿನಿಗಳನ್ನು ಕೇಬಲ್‌ನವರು ಕಡ್ಡಾಯವಾಗಿ ತೋರಿಸಬೇಕು, ಆದರೆ ಈ ಸಂಪರ್ಕ ಶುಲ್ಕದಲ್ಲಿ ಪ್ರಸಾರ ಭಾರತಿಗೆ ಪಾಲಿಲ್ಲ. ಐವತ್ತು ರೂಪಾಯಿಯ ಲೈಸೆನ್ಸ್ ಹೋದ ಜಾಗಕ್ಕೆ ಸಾವಿರಾರು ರೂಪಾಯಿಯ ರೀಚಾರ್ಜ್ ಬಂದು ಕೂತಿದೆ. ಇದನ್ನು ಯಾರೂ ಕಡ್ಡಾಯ ಎನ್ನುವುದಿಲ್ಲ.

ತಿಂಗಳ ಬಾಡಿಗೆ ಬೇಡವೆಂದವರಿಗೆ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರ್‌ನಲ್ಲಿ ಶುರುವಾದ ಇದಕ್ಕೆ ಛತ್ರಿ, ಡಬ್ಬಾ ಕೊಂಡರೆ ಸಾಕು. ಸರ್ಕಾರದ ಅಂದಾಜಿನಂತೆ ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿದೆ. ದೂರದರ್ಶನದ ಕನ್ನಡ ವಾಹಿನಿ ಚಂದನ ಅದರಲ್ಲಿ ಬರುತ್ತದೆ. ಆದರೆ ಫ್ರೀ ಡಿಶ್‌ನ ಜಾಗಗಳನ್ನು ಖಾಸಗಿ ವಾಹಿನಿಗಳಿಗೆ ಹರಾಜು ಹಾಕುವುದರಿಂದ, ಹೆಚ್ಚು ಕೂಗಿದವರಿಗೆ ಜಾಗ. ಹಿಂದಿ ವಾಹಿನಿಗಳದೇ ಮೇಲುಗೈ. ಬಡವರ ಮನೆಯ ಛತ್ರಿಯಿಂದ ಕನ್ನಡಕ್ಕಿಂತ ಹಿಂದಿ ಹೆಚ್ಚು ಇಳಿಯುತ್ತದೆ. ಔರಾದಿನ ಮಗು ಕಾರ್ಟೂನು, ಸಿನಿಮಾ, ವಾರ್ತೆ ಎಲ್ಲವನ್ನೂ ಹಿಂದಿಯಲ್ಲಿ ನೋಡಿ ಬೆಳೆಯುವುದಕ್ಕೆ ಈ ಹರಾಜಿನ ಪಾಲೂ ಇದೆ.

ಶುಲ್ಕ ಮತ್ತೆ ಬೇಕೆ?

ಸೆಟ್ಟಿಗಿಷ್ಟು ಎಂಬ ಶುಲ್ಕವನ್ನು ಮತ್ತೆ ತರುವುದು ತಪ್ಪು. ಜನ ಮೊಬೈಲಿನಲ್ಲಿ ನೋಡುವಾಗ ಯಾವುದನ್ನು ಟಿ.ವಿ. ಎನ್ನುವುದು? ಕೂಲಿಯವನ ಮನೆಗೂ ಕಾರ್ಖಾನೆ ಮಾಲೀಕನ ಮನೆಗೂ ಒಂದೇ ಮೊತ್ತ ಹಾಕುವುದು ನ್ಯಾಯವೂ ಅಲ್ಲ. ಆದರೆ ಶುಲ್ಕ ಬೇಡವೆಂದ ಮಾತ್ರಕ್ಕೆ ಸಾರ್ವಜನಿಕ ಪ್ರಸಾರವೂ ಬೇಡವೆಂದಲ್ಲ. ಗಾಳಿಯ ಅಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರವರಿ 9ರಂದು ಹೇಳಿದೆ. ಆ ಸೊತ್ತಿನಿಂದ ಲಾಭ ಮಾಡುವವರು, ಅಂದರೆ ಖಾಸಗಿ ವಾಹಿನಿಗಳು, ಡಿಟಿಎಚ್ ಮತ್ತು ದೂರವಾಣಿ ಕಂಪನಿಗಳು, ಒಂದು ಪಾಲನ್ನು ಕಾನೂನಿನ ಮೂಲಕ ಸಾರ್ವಜನಿಕ ಪ್ರಸಾರಕ್ಕೆ ಕೊಡುವುದು ಸರಿ. ಆ ಹಣ ಸಂಚಿತ ನಿಧಿಯಲ್ಲಿ ಕರಗಬಾರದು. ಪ್ರದೇಶವಾರು ಲೆಕ್ಕ ಇರಬೇಕು, ಗಡಿ ಜಿಲ್ಲೆಗಳಿಗೆ ಜನಸಂಖ್ಯೆಗಿಂತ ಹೆಚ್ಚು ಪಾಲು ಸಿಗಬೇಕು.

ಕೇಂದ್ರ ಸಂಪುಟ 2023ರ ಜನವರಿಯಲ್ಲಿ ಆಕಾಶವಾಣಿ, ದೂರದರ್ಶನಗಳ ಸುಧಾರಣೆಗೆ 2,539.61 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಟ್ರಾನ್ಸ್‌ಮಿಟರ್, ಸ್ಟುಡಿಯೋಗಳ ಮಾತಿದೆ. ಗಡಿ ಮತ್ತು ದುರ್ಗಮ ಪ್ರದೇಶಗಳಿಗೆ ಫ್ರೀ ಡಿಶ್ ಡಬ್ಬಾ ಹಂಚುವ ಮಾತೂ ಇದೆ. ಡಬ್ಬಾ ಕೊಟ್ಟರೆ ಅರ್ಧ ಕೆಲಸ. ಅದರೊಳಗೆ ಬೀದರಿನ ಕನ್ನಡ, ಅಷ್ಟೂರದ ಉರುಸು, ಮಾಂಜ್ರಾ ನದಿಯ ದಂಡೆಯ ಕಬ್ಬಿನ ಬೆಲೆ, ಔರಾದಿನ ಶಾಲೆಗಳ ಸುದ್ದಿ ಬರಬೇಕಾದರೆ ಬೀದರಿನಲ್ಲೇ ಕೂತು ಕಾರ್ಯಕ್ರಮ ಮಾಡುವ ಸಿಬ್ಬಂದಿ ಬೇಕು, ಅವರ ಸಂಬಳಕ್ಕೆ ಖಾತರಿಯಾದ ಹಣ ಬೇಕು. ನಾಡಿನ ಬೇರೆಬೇರೆ ಪ್ರದೇಶಗಳ ಸಂಸ್ಕೃತಿಗೂ ಭಾಷೆಗೂ ಸಾಕಷ್ಟು ಜಾಗ ಕೊಡುವುದು ಪ್ರಸಾರ ಭಾರತಿಯ ಹೊಣೆ ಎಂದು ಅದರ ಕಾಯ್ದೆಯ 12ನೇ ಕಲಮಿನಲ್ಲೇ ಬರೆದಿದೆ.